ಹಾಸನದಲ್ಲಿ ನಾಯಿ ಇನ್ಶೂರೆನ್ಸ್: ನಾಲ್ಕು ವರ್ಷ ಪ್ರೀಮಿಯಂ ಕಟ್ಟಿದ ಅನುಭವ

ನಾಯಿಗೆ ಇನ್ಶೂರೆನ್ಸ್ ಮಾಡಿಸಿದ್ರೆ ಉಪಯೋಗ ಇದೆಯಾ ಅಂತ ನಮ್ಮ ಬೀದಿಯಲ್ಲೇ ಹಲವರು ನನ್ನನ್ನು ಕೇಳಿದ್ದಾರೆ. ಹಸುವಿನ ವಿಮೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಿವಿಗೆ ಓಲೆ ಹಾಕುತ್ತಾರೆ, ಸರ್ಕಾರದ ಸಬ್ಸಿಡಿ ಇದೆ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 2024ರಿಂದ ರೈತರು ಕಟ್ಟಬೇಕಾದದ್ದು ಪ್ರೀಮಿಯಂನ ಶೇ. 15 ಮಾತ್ರ. ನಾಯಿಗೆ ಇದ್ಯಾವುದೂ ಇಲ್ಲ. ಪೂರ್ತಿ ನಾವೇ ಕಟ್ಟಬೇಕು, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ನಾವು ನಮಗಾಗಿ ಮಾಡಿಸುವ ಆರೋಗ್ಯ ವಿಮೆಗೆ 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ತೆಗೆದುಹಾಕಿದರು. ನಾಯಿ ಬೆಕ್ಕಿನ ಪಾಲಿಸಿಗೆ ಆ ರಿಯಾಯಿತಿ ಬರಲಿಲ್ಲ.

ನಮ್ಮ ಜೂಲಿ ಲ್ಯಾಬ್ರಡಾರ್. ಮರಿಯಾಗಿದ್ದಾಗಿನಿಂದ ಪಾಲಿಸಿ ಇದೆ. ಒಂದು ದೊಡ್ಡ ಕ್ಲೇಮ್ ಪಾಸಾಯಿತು, ಒಂದು ರಿಜೆಕ್ಟ್ ಆಯಿತು. ಕಂಪನಿಯ ಹೆಸರು ಹಾಕುತ್ತಿಲ್ಲ. ನಾನು ತರಿಸಿಕೊಂಡು ಓದಿದ ಬೇರೆ ಪಾಲಿಸಿಗಳಲ್ಲೂ ನಿಯಮ ಹೆಚ್ಚುಕಡಿಮೆ ಇದೇ ಥರ ಇತ್ತು.

ಮೊದಲು ಖರ್ಚಿನ ಮಾತು. ನಮ್ಮ ಡಾಕ್ಟರ ಫೀಸು ಅಂಥ ಏನೂ ಏರಿಲ್ಲ. ಏರಿರುವುದು ಟೆಸ್ಟು ಮತ್ತು ಔಷಧಿ. ನನ್ನ ಅಪ್ಪನ ಕಾಲದಲ್ಲಿ ಡಾಕ್ಟರು ಮೈ ಮುಟ್ಟಿ, ಕಣ್ಣುರೆಪ್ಪೆ ಬಿಡಿಸಿ ನೋಡಿ ಒಂದು ಇಂಜೆಕ್ಷನ್ ಕೊಡುತ್ತಿದ್ದರು. ಈಗ ಮೊದಲು ರಕ್ತ ಪರೀಕ್ಷೆ, ಬೇಕಿದ್ದರೆ ಎಕ್ಸ್‌ರೇ, ಸ್ಕ್ಯಾನಿಂಗ್. ಅದರಿಂದ ಎಷ್ಟೋ ನಾಯಿಗಳ ಜೀವ ಉಳಿಯುತ್ತಿದೆ, ಅದನ್ನು ಬೇಡ ಅನ್ನಲು ಆಗಲ್ಲ. ಆದರೆ ಪ್ರತಿ ಟೆಸ್ಟಿಗೂ ಬೇರೆ ಬಿಲ್. ಉಣುಗಿನ ಮಾತ್ರೆಯದ್ದು ಇನ್ನೊಂದು ಕಥೆ. ಅದರ ರೇಟು ನಾಯಿಯ ತೂಕದ ಮೇಲೆ. ನಾಲ್ಕು ಕೆಜಿಯ ಪಮೇರಿಯನ್‌ಗೂ ಮೂವತ್ತು ಕೆಜಿಯ ಜೂಲಿಗೂ ಬೇರೆ ಬೇರೆ ಪ್ಯಾಕ್. ನಮ್ಮತ್ತೆಯ ಮನೆ ಸಕಲೇಶಪುರದ ಕಡೆ, ಕಾಫಿ ತೋಟ. ಜೂಲಿ ಒಮ್ಮೆ ತೋಟದೊಳಗೆ ಹೋಗಿ ಬಂದರೆ ಕಿವಿಯ ಒಳಮಡಿಕೆಯಲ್ಲಿ, ಕಾಲ್ಬೆರಳ ಸಂದಿಯಲ್ಲಿ ಉಣುಗು ಹುಡುಕಿ ಕೀಳುವುದೇ ಕೆಲಸ. ಹಾಗಾಗಿ ಮಾತ್ರೆ ತಪ್ಪಿಸಲು ಆಗಲ್ಲ. ಈ ಮಾತ್ರೆ, ಜಂತುಹುಳದ ಔಷಧಿ, ವರ್ಷದ ಲಸಿಕೆ, ಹಲ್ಲು ಕ್ಲೀನಿಂಗ್, ಸಂತಾನಹರಣ ಆಪರೇಷನ್ ಯಾವುದಕ್ಕೂ ನನ್ನ ಪಾಲಿಸಿ ದುಡ್ಡು ಕೊಡುವುದಿಲ್ಲ. ಮನೆ ಬಜೆಟ್‌ಗೆ ಪ್ರತಿ ತಿಂಗಳು ಬೀಳುವ ಹೊರೆ ಇದೇ ಅಲ್ವಾ? ಅದರಲ್ಲಿ ಇನ್ಶೂರೆನ್ಸ್‌ನಿಂದ ಒಂದು ರೂಪಾಯಿಯೂ ಇಳಿಯಲಿಲ್ಲ.

ಪಾಸಾದ ಕ್ಲೇಮ್ ಕಾಲು ಮುರಿತದ್ದು. ಬೈಕ್ ಗುದ್ದಿ ಹಿಂಗಾಲಿನ ತೊಡೆಮೂಳೆ ಮುರಿಯಿತು. ಇಲ್ಲಿ ಎಕ್ಸ್‌ರೇ ಮಾಡಿ, ಪ್ಲೇಟ್ ಹಾಕಲೇಬೇಕು ಅಂದರು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಚನ್ನರಾಯಪಟ್ಟಣ, ಯಡಿಯೂರು, ಕುಣಿಗಲ್ ದಾಟುವಷ್ಟು ಹೊತ್ತೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಒಟ್ಟು ಬಿಲ್ 48,000 ರೂಪಾಯಿ. ಅದರಲ್ಲಿ ಆಸ್ಪತ್ರೆಯಲ್ಲಿ ಉಳಿಸಿಕೊಂಡ ಬಾಡಿಗೆ, ಆಹಾರ ಅಂತ 3,000 ಕಂಪನಿಯವರು ಕಳೆದರು. ಉಳಿದ 45,000ದಲ್ಲಿ ನಮ್ಮ ಪಾಲು ಶೇ. 20. ಕೈಗೆ ಬಂದದ್ದು 36,000. ನಾನು ವರ್ಷಕ್ಕೆ ಕಟ್ಟುವುದು ಐದು ಸಾವಿರದ ಆಸುಪಾಸು. ಆ ಲೆಕ್ಕದಲ್ಲಿ ಪಾಲಿಸಿ ನಮ್ಮ ಕೈ ಹಿಡಿಯಿತು, ಇದನ್ನು ಮನಸಾರೆ ಹೇಳುತ್ತೇನೆ. ಅದಿಲ್ಲದಿದ್ದರೆ ಆ ತಿಂಗಳು ಚಿನ್ನ ಅಡ ಇಡಬೇಕಿತ್ತು.

ಆದರೆ ದುಡ್ಡು ಬರುವ ಮುಂಚೆ ಕಾಗದಕ್ಕಾಗಿ ಓಡಾಡಿದ್ದು ಸುಮ್ನೆ ಅಲ್ಲ. ನಮ್ಮ ಊರಿನ ಕ್ಲಿನಿಕ್ಕಿನಲ್ಲಿ ಮೊದಲ ದಿನದ ಚಿಕಿತ್ಸೆಯನ್ನು ಒಂದು ಚಿಕ್ಕ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಎರಡು ಇಂಜೆಕ್ಷನ್ ಹೆಸರು, ಕೆಳಗೆ ಮೊತ್ತ, ಅಷ್ಟೇ. ಕಂಪನಿ ಒಪ್ಪಲಿಲ್ಲ. ಲೆಟರ್‌ಹೆಡ್ ಬೇಕು, ಡಾಕ್ಟರ ಸಹಿ, ಸೀಲು, ನೋಂದಣಿ ಸಂಖ್ಯೆ ಬೇಕು, ಪ್ರತಿ ಔಷಧಿಗೂ ಬೇರೆ ರೇಟು ಬೇಕು ಅಂದರು. ಚೀಟಿ ಹಿಡಿದು ವಾಪಸ್ ಹೋದೆ. "ಇಲ್ಲಿ ಬಿಲ್ ಯಾರೂ ಕೇಳಲ್ಲ ಮೇಡಂ, ನೀವೇ ಮೊದಲು" ಅಂದರು ಡಾಕ್ಟರು. ಹೊರಗೆ ಜನ ಕಾಯುತ್ತಿದ್ದರೂ ಕೂತು ಒಂದೊಂದೇ ಸಾಲು ನೋಡಿ ಲೆಟರ್‌ಹೆಡ್‌ಗೆ ಇಳಿಸಿದರು. ಕಂಪನಿಯವರು ಲಸಿಕೆ ಕಾರ್ಡು ಕೂಡ ಕೇಳಿದರು. ಪಾರ್ವೊ, ಇಲಿ ಜ್ವರ, ರೇಬೀಸ್ ಎಲ್ಲದರ ಸ್ಟಿಕ್ಕರ್ ತಾರೀಖಿನ ಸಮೇತ ಇದ್ದದ್ದರಿಂದ ಅಲ್ಲಿ ತೊಂದರೆ ಆಗಲಿಲ್ಲ. ದುಡ್ಡು ಅಕೌಂಟಿಗೆ ಬರುವಾಗ ಹತ್ತಿರ ಹತ್ತಿರ ಎರಡು ತಿಂಗಳು. ಕ್ಯಾಶ್‌ಲೆಸ್ ಅನ್ನುವುದು ಹಾಸನದಲ್ಲಿ ನನಗಂತೂ ಸಿಗಲಿಲ್ಲ. ಮೊದಲು ನಾವೇ ಕಟ್ಟಿ, ಆಮೇಲೆ ಕೇಳಬೇಕು.

ರಿಜೆಕ್ಟ್ ಆದ ಕ್ಲೇಮ್ ಉಣುಗು ಜ್ವರದ್ದು, ಅಂದರೆ ಉಣುಗು ಕಚ್ಚಿ ಬರುವ ಕಾಯಿಲೆ. ನನಗೆ ಸಿಟ್ಟು ಇರುವುದು ಇಲ್ಲೇ. ಜೂಲಿ ಊಟ ಬಿಟ್ಟಳು, ಒಸಡು ಬಿಳುಚಿತು, ಪ್ಲೇಟ್‌ಲೆಟ್ ಇಳಿಯಿತು. ಡ್ರಿಪ್ ಹಾಕಿ, ಡಾಕ್ಸಿಸೈಕ್ಲಿನ್ ಮಾತ್ರೆ ನಾಲ್ಕು ವಾರ ಕೊಟ್ಟೆವು. ಮಾತ್ರೆ ನುಂಗಿಸಿದರೆ ವಾಂತಿ, ಅದಕ್ಕೆ ಅನ್ನ ತಿನ್ನಿಸಿದ ಮೇಲೇ ಕೊಡಬೇಕು, ಊಟವೇ ಬಿಟ್ಟ ನಾಯಿಗೆ ಅನ್ನ ತಿನ್ನಿಸುವುದು ಹೇಗೆ ಅಂತ ಸಾಕಿದವರಿಗೇ ಗೊತ್ತು. ಕ್ಲೇಮ್ ಹಾಕಿದರೆ "ಹೊರ ಪರಾವಲಂಬಿಯಿಂದ ಬರುವ ಕಾಯಿಲೆ, ಕವರ್ ಇಲ್ಲ" ಅಂತ ಉತ್ತರ. ಪಾಲಿಸಿ ಕಾಗದದ ಕೊನೆಯ ಪುಟಗಳಲ್ಲಿ ಆ ಸಾಲು ಇದೆ ನಿಜ. ಆದರೆ ಮಲೆನಾಡಿನ ಅಂಚಿನಲ್ಲಿ ನಾಯಿಗಳನ್ನು ಜಾಸ್ತಿ ಕಾಡುವ ಕಾಯಿಲೆಯನ್ನೇ ಹೊರಗಿಟ್ಟು ಇಲ್ಲಿ ಪಾಲಿಸಿ ಮಾರುವುದು ನ್ಯಾಯವಲ್ಲ. ಏಜೆಂಟರು ಮಾರುವಾಗಲೇ ಇದನ್ನು ಹೇಳಬೇಕಿತ್ತು. ಕಂಪನಿಯ ದೂರು ವಿಭಾಗಕ್ಕೆ ಬರೆದೆ, ಅದೇ ಉತ್ತರ. ದೂರಿಗೆ 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳಿ ತೀರ್ಮಾನಿಸುವ ಅಧಿಕಾರಿ, ಅವರ ಹತ್ತಿರ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ, ಖರ್ಚಿಲ್ಲ. ನನ್ನ ಪಾಲಿಸಿಯಲ್ಲಿ ಆ ಷರತ್ತು ಸ್ಪಷ್ಟವಾಗಿ ಇದ್ದದ್ದರಿಂದ ಅಲ್ಲಿಗೆ ಹೋಗಲಿಲ್ಲ. ನಿಮ್ಮದರಲ್ಲಿ ಗೊಂದಲ ಇದ್ದರೆ ಬಿಡಬೇಡಿ.

ಇನ್ನೊಂದು ವಿಷಯ. ಕಳ್ಳತನವಾದರೆ, ಕಾಣೆಯಾದರೆ ದುಡ್ಡು ಕೊಡುತ್ತೇವೆ ಅಂತ ಪಾಲಿಸಿಯಲ್ಲಿದೆ, ಪೊಲೀಸ್ ದೂರಿನ ಪ್ರತಿ ಬೇಕು. ಸತ್ತರೆ ಮರಣೋತ್ತರ ಪರೀಕ್ಷೆಯ ವರದಿ ಬೇಕು. ನಮ್ಮ ತೋಟದ ಕಡೆ ನಾಯಿಗಳನ್ನು ಚಿರತೆ ಹೊತ್ತುಕೊಂಡು ಹೋಗುತ್ತದೆ. ಆಗ ದೇಹವೇ ಸಿಗಲ್ಲ. ಅದು ಸಾವಾ, ಕಾಣೆಯಾದದ್ದಾ? ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿದೆ. ಆ ಕಡೆಯ ಹುಡುಗಿ ಪಾಪ, ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದಳು. ಉತ್ತರ ಬರಲೇ ಇಲ್ಲ.

ಉಣುಗು ಜ್ವರದಲ್ಲಿ ನಮ್ಮನ್ನು ಕಾಪಾಡಿದ್ದು ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಬೀದರ್‌ನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು. ಅಧ್ಯಾಪಕರೂ ಕಲಿಯುವ ಮಕ್ಕಳೂ ಸೇರಿ ನೋಡುತ್ತಾರೆ. ಕಾಯಬೇಕು, ಒಂದೇ ಪ್ರಶ್ನೆಗೆ ಮೂರು ಜನಕ್ಕೆ ಉತ್ತರ ಹೇಳಬೇಕು. ಆದರೆ ಗಮನ ಕೊಟ್ಟು ನೋಡುತ್ತಾರೆ, ಬಿಲ್ ಖಾಸಗಿಗಿಂತ ತುಂಬ ಕಡಿಮೆ. ಪಕ್ಕದಲ್ಲಿ ಎಮ್ಮೆಗೆ ಡ್ರಿಪ್ ಹಾಕುತ್ತಿದ್ದರೂ ಜೂಲಿ ಸುಮ್ಮನೆ ಕೂತಿರುತ್ತಿದ್ದಳು. ಇಂಥ ಆಸ್ಪತ್ರೆ ಊರಲ್ಲಿರುವುದು ನಮ್ಮ ಪುಣ್ಯ. ರೇಬೀಸ್ ಲಸಿಕೆಗೂ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುತ್ತಮುತ್ತ ಉಚಿತ ಕ್ಯಾಂಪ್‌ಗಳು ನಡೆಯುತ್ತವೆ, ವಿಚಾರಿಸಿ.

ಹಾಗಾದರೆ ಪಾಲಿಸಿ ಬಿಡುತ್ತೀರಾ ಅಂದರೆ, ಇಲ್ಲ. ಆಪರೇಷನ್ ಬಂದರೆ ಅಂತ ಇಟ್ಟುಕೊಳ್ಳುತ್ತೇನೆ. ಟೆಸ್ಟು, ಮಾತ್ರೆ, ಜ್ವರಕ್ಕೆ ಅಂತ ಬ್ಯಾಂಕಿನಲ್ಲಿ ತಿಂಗಳಿಗೆ 500 ರೂಪಾಯಿಯ ಆರ್‌ಡಿ ಬೇರೆ ಶುರು ಮಾಡಿದ್ದೇನೆ. ಹೊಸದಾಗಿ ಮಾಡಿಸುವವರು ನಾಯಿ ಚಿಕ್ಕದಿರುವಾಗಲೇ ಮಾಡಿಸಿ. ವಯಸ್ಸಾದ ಮೇಲೆ ಹೊಸ ಪಾಲಿಸಿ ಸಿಗಲ್ಲ, ಮೊದಲೇ ಇದ್ದ ಕಾಯಿಲೆಗೆ ಕವರ್ ಇರಲ್ಲ. ಸಹಿ ಹಾಕುವ ಮುಂಚೆ ಉಣುಗು ಜ್ವರ ಸೇರಿದೆಯಾ ಅಂತ ಕೇಳಿ. ಏಜೆಂಟರು ಬಾಯಲ್ಲಿ ಹೇಳಿದರೆ ಸಾಲದು, ಪಾಲಿಸಿಯ ಯಾವ ಪುಟದಲ್ಲಿದೆ ತೋರಿಸಿ ಅನ್ನಿ. ನಮ್ಮ ರಿನ್ಯೂವಲ್ ಜೂನ್‌ನಲ್ಲಿದೆ. ಉಣುಗು ಜ್ವರದ ಪ್ರಶ್ನೆ, ಚಿರತೆಯ ಪ್ರಶ್ನೆ ಎರಡನ್ನೂ ಬೇರೆ ಕಂಪನಿಗಳಿಗೆ ಇಮೇಲ್ ಮಾಡಿದ್ದೇನೆ. ಲಿಖಿತವಾಗಿ ಒಪ್ಪುವ ಕಂಪನಿ ಸಿಕ್ಕರೆ ಜೂಲಿಯ ಪಾಲಿಸಿ ಅಲ್ಲಿಗೆ ಬದಲಾಯಿಸುತ್ತೇನೆ.