ಶಾಲೆಯ ನೀಲಿ ಮಾತ್ರೆ: ಕೊಡುವುದೇನೋ ಸರಿ, ದಕ್ಕುವುದೆಷ್ಟು?

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 6ರಿಂದ 12ನೇ ತರಗತಿಯ ಮಕ್ಕಳಿಗೆ ರಕ್ತಹೀನತೆ ತಡೆಯಲು ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಉಚಿತವಾಗಿ ಸಿಗುತ್ತದೆ. ಶಾಲೆ ಬಿಟ್ಟ ಹುಡುಗಿಯರು ಇದನ್ನೇ ಅಂಗನವಾಡಿಯಲ್ಲಿ ಪಡೆಯಬಹುದು. ಒಂದು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಮಾತ್ರೆಗೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು. ಕೊಡಗಿನ ಮಳೆ, ರಜೆ, ಕಾಫಿಗಳ ನಡುವೆ ಅದು ಮಕ್ಕಳ ಮೈಗೆ ಸೇರುವ ವ್ಯವಸ್ಥೆಗೆ ಎರಡೂವರೆಗಿಂತ ಹೆಚ್ಚು ಕೊಡಲಾಗದು.

ಪ್ರಮಾಣದ ಬಗ್ಗೆ ತಕರಾರಿಲ್ಲ. ತಿಂಗಳ ಮುಟ್ಟಿನಲ್ಲಿ 30–40 ಮಿ.ಲೀ. ರಕ್ತ ಹೋದರೆ ಅದರೊಂದಿಗೆ ಹೆಚ್ಚುಕಡಿಮೆ 15ರಿಂದ 20 ಮಿ.ಗ್ರಾಂ ಕಬ್ಬಿಣವೂ ಹೋಗುತ್ತದೆ. ನಾಲ್ಕು ವಾರದ ನಾಲ್ಕು ಮಾತ್ರೆಗಳಲ್ಲಿರುವುದು 240 ಮಿ.ಗ್ರಾಂ. ಹತ್ತರಲ್ಲಿ ಒಂದು ಪಾಲು ದಕ್ಕಿತು ಎಂದುಕೊಂಡರೂ 24 ಮಿ.ಗ್ರಾಂ ಆಯಿತು, ನಷ್ಟ ತುಂಬಿತು. ಎರಡು ವಾರ ತಪ್ಪಿತೋ, 12ಕ್ಕೆ ಇಳಿಯಿತು. ಬೆಳೆಯುವ ವಯಸ್ಸಿನ ಬೇಡಿಕೆ ಇದರ ಮೇಲಿನದ್ದು: ಎಲ್ಲ ಸೇರಿ 13ರಿಂದ 15 ವರ್ಷದ ಹುಡುಗಿಯ ಆಹಾರದಲ್ಲಿ ದಿನಕ್ಕೆ 30 ಮಿ.ಗ್ರಾಂ ಕಬ್ಬಿಣ ಇರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಶಿಫಾರಸು ಮಾಡಿದೆ. ಬರೀ ಬಿಳಿ ಅನ್ನ, ಅಕ್ಕಿ ರೊಟ್ಟಿಯಿಂದ ಅದು ಎಟುಕುವ ಮಾತಲ್ಲ.

ತಪ್ಪು ಶುರುವಾಗುವುದು ಹೊತ್ತಿನ ವಿಷಯದಲ್ಲಿ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಕೊಡುವಾಗಲೇ ಮಾತ್ರೆಯನ್ನೂ ಕೈಗಿಟ್ಟು ಕೆಲಸ ಮುಗಿಸಿಬಿಟ್ಟರೆ, ಹಾಲಿನ ಕ್ಯಾಲ್ಸಿಯಂ ಕಬ್ಬಿಣವನ್ನು ಪೂರ್ತಿ ಹೀರಿಕೊಳ್ಳಲು ಬಿಡುವುದಿಲ್ಲ. ತಿಂಡಿ ತಿನ್ನದೆ ಬಂದ ಹುಡುಗಿಗೆ ಹೊಟ್ಟೆ ತೊಳಸಿ ವಾಂತಿಯೂ ಆದೀತು. ಒಬ್ಬಳು ವಾಂತಿ ಮಾಡಿಕೊಂಡರೆ ಮುಂದಿನ ವಾರ ಇಡೀ ಬೆಂಚಿನ ಮಾತ್ರೆ ಕಿಟಕಿಯಾಚೆ ಹೋಗುತ್ತದೆ. ಬಿಸಿಯೂಟ ಮುಗಿದ ಅರ್ಧ ಗಂಟೆಗೆ, ಒಂದು ಲೋಟ ನೀರಿನೊಂದಿಗೆ, ಟೀಚರ ಎದುರಿಗೇ ನುಂಗಿಸುವುದು ಸರಿಯಾದ ಕ್ರಮ. ಅಗಿಯಬಾರದು. ಮರುದಿನ ಮಲ ಕಪ್ಪಗೆ ಹೋದರೆ ಹೆದರಬೇಕಿಲ್ಲ ಎಂದು ಮೊದಲೇ ಹೇಳಿಡಬೇಕು. ಇದನ್ನು ಹೇಳದೆ ಬಿಟ್ಟದ್ದಕ್ಕೇ ಎಷ್ಟೋ ಮನೆಗಳಲ್ಲಿ ಮಾತ್ರೆ ನಿಂತುಹೋಗುತ್ತದೆ.

ಮಳೆಗಾಲದ್ದು ಬೇರೆಯೇ ಕಥೆ. ಮಾತ್ರೆಗಿರುವುದು ಸಕ್ಕರೆಯ ಹೊದಿಕೆ. ಜುಲೈ ತಿಂಗಳ ಥಂಡಿಯಲ್ಲಿ ಡಬ್ಬಿಯ ಮುಚ್ಚಳ ಸಡಿಲಾಗಿದ್ದರೆ ಅದು ಬೆವತು ಅಂಟಿಕೊಳ್ಳುತ್ತದೆ, ನೀಲಿ ಬಣ್ಣ ಬೆರಳಿಗೆ ಹತ್ತುತ್ತದೆ, ಹೊದಿಕೆ ಒಡೆದ ಕಡೆ ಕಂದು ಚುಕ್ಕೆ ಕಾಣುತ್ತದೆ. ಅಂಥದ್ದನ್ನು ಹಂಚಬಾರದು, ವಾಪಸ್ ಕೊಡಬೇಕು. ಮಾತ್ರೆಗಳನ್ನು ಅಡುಗೆಕೋಣೆಯ ಹಬೆಯಿಂದ ದೂರ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ಕಷ್ಟದ ಕೆಲಸವೇನಲ್ಲ. ಇದಕ್ಕಿಂತ ದೊಡ್ಡ ನಷ್ಟ ಮಳೆ ರಜೆಯದು. ಮಾತ್ರೆಯ ದಿನ ಸೋಮವಾರವಾಗಿದ್ದು ಅಂದೇ ರಜೆ ಘೋಷಣೆಯಾದರೆ ಆ ವಾರದ ಮಾತ್ರೆಯೂ ಹೋಯಿತು. ಶಾಲೆ ತೆರೆದ ಮೊದಲ ದಿನವೇ ಕೊಟ್ಟುಬಿಡಬೇಕು. ದಸರಾ ಮತ್ತು ಬೇಸಿಗೆ ರಜೆಗೆ ಎಣಿಸಿ ಮನೆಗೆ ಕಳಿಸಬೇಕು. ಕಳಿಸುವಾಗ ಒಂದು ಎಚ್ಚರಿಕೆ: ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಕೈಗೆಟುಕದಂತೆ ಎತ್ತರದಲ್ಲಿಡಲಿ. ಮಿಠಾಯಿ ಎಂದು ನಾಲ್ಕಾರು ನುಂಗಿದರೆ ಕಬ್ಬಿಣ ವಿಷವಾಗುತ್ತದೆ, ಜೀವಕ್ಕೇ ಅಪಾಯ.

ಇನ್ನು ಕಾಫಿ. ಬೆಳಿಗ್ಗೆ ರೊಟ್ಟಿಯ ತಟ್ಟೆ ಪಕ್ಕ ಹಬೆಯಾಡುವ ಬೆಲ್ಲದ ಕರಿ ಕಾಫಿ ಇಲ್ಲಿ ಹತ್ತು ವರ್ಷದ ಮಕ್ಕಳಿಗೂ ರೂಢಿ. ಊಟದ ಜೊತೆ ಒಂದು ಕಪ್ ಕಾಫಿ ಕುಡಿದರೆ ಆ ಊಟದ ಕಬ್ಬಿಣ ಹೀರಿಕೆ ಸುಮಾರು 39 ಪ್ರತಿಶತ ಇಳಿಯಿತೆಂದು 1983ರ ಒಂದು ಅಧ್ಯಯನ ತೋರಿಸಿತು. ಚಹಾ ಇನ್ನೂ ಕೆಟ್ಟದು, 64 ಪ್ರತಿಶತ. ಅದೇ ಅಧ್ಯಯನದಲ್ಲಿ ನಮಗೆ ಬೇಕಾದ ಇನ್ನೊಂದು ಅಂಶವಿದೆ: ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಹಾನಿಯಾಗಲಿಲ್ಲ, ಊಟವಾಗಿ ಒಂದು ಗಂಟೆಗೆ ಕುಡಿದದ್ದು ಜೊತೆಗೇ ಕುಡಿದಷ್ಟು ಹಾನಿ ಮಾಡಿತು. ಹಾಗಾಗಿ ಮಕ್ಕಳು ಕಾಫಿ ಬಿಡಲೊಲ್ಲರಾದರೆ ಎದ್ದ ಕೂಡಲೇ ಕುಡಿದುಬಿಡಲಿ, ರೊಟ್ಟಿ ಒಂದು ಗಂಟೆ ಕಳೆದು ತಿನ್ನಲಿ. ರಜೆಯಲ್ಲಿ ಮನೆಯಲ್ಲೇ ಮಾತ್ರೆ ನುಂಗುವ ದಿನವಂತೂ ಊಟದ ನಂತರ ಎರಡು ಗಂಟೆ ಕಾಫಿ ಬೇಡವೇ ಬೇಡ.

ಬಿಸಿಯೂಟದ ಮೊಟ್ಟೆ ಪ್ರೋಟೀನಿಗೆ ಬಹಳ ಒಳ್ಳೆಯದು. ಕಬ್ಬಿಣಕ್ಕೆ ಅದನ್ನು ನೆಚ್ಚಿ ಕೂರುವಂತಿಲ್ಲ, ಒಂದರಲ್ಲಿ 1 ಮಿ.ಗ್ರಾಂ ಕೂಡ ಇರುವುದಿಲ್ಲ. ಹುರುಳಿಕಾಳಿನಲ್ಲಿ 100 ಗ್ರಾಂಗೆ 8 ಮಿ.ಗ್ರಾಂಗೂ ಮಿಕ್ಕಿ ಇದೆ; ಮೊಳಕೆ ಬರಿಸಿ, ಬೇಯಿಸಿ, ನಿಂಬೆ ಹಿಂಡಿದರೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಹಿತ್ತಲಿನ ಸೀಬೆಯ ಅರ್ಧ ಹಣ್ಣು, ಒಂದು ನೆಲ್ಲಿಕಾಯಿ ಊಟದ ಜೊತೆಗೇ ಇರಲಿ, ಸಂಜೆಗೆ ಬೇಡ: ವಿಟಮಿನ್ ಸಿ ಕೆಲಸ ಮಾಡುವುದು ಅದೇ ತುತ್ತಿನ ಕಬ್ಬಿಣದ ಮೇಲೆ. ಪಂದಿ ಕರಿ, ಮೀನು ಮಾಡುವ ಮನೆಯಲ್ಲಿ ಹುಡುಗಿಯ ತಟ್ಟೆಗೂ ಗಂಡಸರಷ್ಟೇ ತುಂಡು ಬೀಳಬೇಕು. ಮಾಂಸ ಇದ್ದರೆ ಪಕ್ಕದ ಕಾಳು ಸೊಪ್ಪಿನ ಕಬ್ಬಿಣವೂ ಹೆಚ್ಚು ದಕ್ಕುತ್ತದೆ.

ತೋಟದ ನೆರಳಿನ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಕೊಕ್ಕೆಹುಳ ಪಾದದ ಚರ್ಮದಿಂದಲೇ ಒಳಗೆ ಹೋಗಿ, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಫೆಬ್ರವರಿ ಮತ್ತು ಆಗಸ್ಟಿನ ಜಂತುಹುಳು ನಿವಾರಣಾ ದಿನದ 400 ಮಿ.ಗ್ರಾಂ ಅಲ್ಬೆಂಡಜೋಲ್ ತಪ್ಪಿಸಬಾರದು. ನೀಲಿ ಮಾತ್ರೆಯಂತಲ್ಲ, ಇದನ್ನು ಚೆನ್ನಾಗಿ ಅಗಿದು ನುಂಗಬೇಕು.

ಈ ಸೇವೆಯ ದೊಡ್ಡ ಕೊರತೆ ಪರೀಕ್ಷೆಯದು. ವಾರದ ಮಾತ್ರೆ ತಡೆಗಾಗಿ ಇರುವುದು. ಈಗಾಗಲೇ ರಕ್ತಹೀನತೆ ಇರುವವಳಿಗೆ ಅದು ಸಾಲದು. 12 ವರ್ಷ ದಾಟಿದ ಹುಡುಗಿಯ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 8ರಿಂದ 11.9ರ ನಡುವೆ ಇದ್ದರೆ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದ ಕ್ರಮದಂತೆ ದಿನಕ್ಕೆ ಎರಡು ಮಾತ್ರೆ, ಮೂರು ತಿಂಗಳು. 8ಕ್ಕಿಂತ ಕಡಿಮೆಯಿದ್ದರೆ ತಡಮಾಡದೆ ಆಸ್ಪತ್ರೆ. ಏರು ಹತ್ತುವಾಗ ಏದುಸಿರು, ಕೆಳ ರೆಪ್ಪೆಯ ಒಳಬದಿ ಬಿಳಿಚಿರುವುದು, ಹಸಿ ಅಕ್ಕಿ ಇಲ್ಲವೇ ಸೀಮೆಸುಣ್ಣ ತಿನ್ನುವ ಚಪಲ ಕಂಡರೆ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಹಿಮೋಗ್ಲೋಬಿನ್ ನೋಡಿಸಿ, ಅಂಕಿಯನ್ನು ಬರೆಸಿಕೊಳ್ಳಿ. ಮಾತ್ರೆ ಸರಿಯಾಗಿ ನುಂಗಿದ ಮೇಲೂ ಆ ಅಂಕಿ ಏರದಿದ್ದರೆ ಕಾರಣ ಬೇರೆ ಇರಬಹುದು. ಜೇನುಕುರುಬ, ಯರವ ಹಾಡಿಗಳ ಮಕ್ಕಳಿಗೆ ವಂಶವಾಹಿಯಾಗಿ ಬರುವ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ಪರೀಕ್ಷೆಯನ್ನೂ ಕೇಳಿ ಮಾಡಿಸಬೇಕು.