ಹಳೇ ಲೈವ್ ರಾಕ್‌ಗೆ ಬಿಸಿನೀರು ಸುರಿಯಬೇಡಿ, ಬ್ರಶ್ ಹಾಕಿ ಉಜ್ಜಲೂಬೇಡಿ

ಮನೆಯಲ್ಲಿ ದೊಡ್ಡ ರೀಫ್ ಟ್ಯಾಂಕ್, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂ, ಕಟ್ಟಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಗಾಜು ಸೋರುವುದು, ಕರೆಂಟ್ ಹೋದಾಗ ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ (ಸಂಪ್) ತುಂಬಿ ನೆಲಕ್ಕೆ ಹರಿಯುವುದು, ಸ್ಟ್ಯಾಂಡ್ ಭಾರ ತಡೆಯದೆ ವಾಲುವುದು, ಇವನ್ನೆಲ್ಲ ಎಲ್ಲರೂ ಹೇಳುತ್ತಾರೆ. ಲೈವ್ ರಾಕ್‌ಗೆ, ಅಂದರೆ ಟ್ಯಾಂಕಿನೊಳಗೆ ಇಡುವ, ಜೀವಿಗಳು ನೆಲೆಸಿದ ಕಲ್ಲಿಗೆ, ಅಂಟಿಕೊಂಡು ಬರುವ ಒಂದು ಜೀವಿಯಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬಹುದು ಅಂತ ಮಾತ್ರ ನಮಗೆ ಯಾರೂ ಹೇಳಿರಲಿಲ್ಲ.

ನಮ್ಮದು 1,000 ಲೀಟರ್ ಟ್ಯಾಂಕ್. ನೀರೇ ಒಂದು ಟನ್. ಇಷ್ಟು ದೊಡ್ಡದಕ್ಕೆ ಕಲ್ಲೂ ಜಾಸ್ತಿ ಬೇಕು, 80ರಿಂದ 100 ಕಿಲೋ ಸುಲಭವಾಗಿ ಹಿಡಿಯುತ್ತದೆ. ಅಷ್ಟನ್ನೂ ಹೊಸದಾಗಿ ಕೊಳ್ಳುವುದು ದುಬಾರಿ. ಹಾಗಾಗಿ ಯಾರೋ ಹಳೇ ಟ್ಯಾಂಕ್ ಬಿಚ್ಚುತ್ತಿದ್ದಾರೆ ಅಂದ ಕೂಡಲೇ ಅವರ ಕಲ್ಲನ್ನೆಲ್ಲ ಒಟ್ಟಿಗೆ ತರುವುದು ಈ ಹವ್ಯಾಸದಲ್ಲಿ ಮಾಮೂಲಿ. ಅಪಾಯ ಒಳಗೆ ಬರುವ ದಾರಿ ಇದೇ. ಚಿಕ್ಕ ಟ್ಯಾಂಕ್ ಆದರೆ ನಾಲ್ಕು ಕಲ್ಲು ಆರಿಸಿ ತರುತ್ತೇವೆ, ಒಂದೊಂದನ್ನೂ ತಿರುಗಿಸಿ ನೋಡುತ್ತೇವೆ. ಕ್ವಿಂಟಲ್‌ಗಟ್ಟಲೆ ಕಲ್ಲು ಬಂದು ಬಿದ್ದರೆ ಅಷ್ಟು ತಾಳ್ಮೆ ಯಾರಿಗಿರುತ್ತದೆ ಹೇಳಿ?

ಟ್ಯಾಂಕ್ ಕೂರಿಸುವ ಕೆಲಸವನ್ನು ನಾವು ಒಬ್ಬರಿಗೆ ವಹಿಸಿದ್ದೆವು. ಪ್ಲಂಬಿಂಗ್, ಸ್ಕಿಮ್ಮರ್ (ನೀರಿನ ಕೊಳೆ ತೆಗೆಯುವ ಸಾಧನ), ಕಲ್ಲು ಎಲ್ಲವೂ ಅವರದೇ ಜವಾಬ್ದಾರಿ. ಅವರು ತಂದ ಹಳೇ ಕಲ್ಲುಗಳಲ್ಲಿ ಕೆಲವದರ ಮೇಲೆ ಕಂದು ಬಣ್ಣದ ಬಟನ್ ಪಾಲಿಪ್‌ಗಳು ಒತ್ತೊತ್ತಾಗಿ ಬೆಳೆದಿದ್ದವು. ಅಂಗಿ ಗುಂಡಿಯಷ್ಟು ಅಗಲ, ಸುತ್ತ ಗಿಡ್ಡ ಎಳೆಗಳು, ನಡುವೆ ಸಣ್ಣ ಸೀಳಿನಂಥ ಬಾಯಿ. ಅವು ಪಾಲಿಥೋವಾ ಅನ್ನುವ, ಹವಳದ ಹತ್ತಿರದ ಜೀವಿಗಳು. ಬೇಗ ಹಬ್ಬಿ ಬೇರೆ ಹವಳಗಳಿಗೆ ಜಾಗವಿಲ್ಲದ ಹಾಗೆ ಮಾಡುತ್ತವೆ ಅಂತ ಅವನ್ನು ತೆಗೆಸಲು ಹೊರಟರು. ತಮ್ಮ ಕೆಲಸದ ಹುಡುಗನಿಗೆ ಬಚ್ಚಲಲ್ಲಿ ಕಲ್ಲಿಟ್ಟು, ಕುದಿಯುವ ನೀರು ಸುರಿದು, ತಂತಿ ಬ್ರಶ್ಶಿನಲ್ಲಿ ಉಜ್ಜಲು ಹೇಳಿದರು. "ಬಿಸಿನೀರು ಬಿದ್ರೆ ಎಲ್ಲಾ ಸತ್ತು ಹೋಗುತ್ತೆ ಸರ್, ಏನೂ ಆಗಲ್ಲ" ಅಂದರು.

ಬ್ರಶ್ ತಾಗಿದಾಗೆಲ್ಲ ಪಾಲಿಪ್‌ಗಳು ಮುದುಡಿಕೊಂಡು ಸಣ್ಣಗೆ ನೀರು ಚಿಮ್ಮಿಸುತ್ತಿದ್ದವು. ಕಂದು ಲೋಳೆ ಹುಡುಗನ ಮೊಣಕೈವರೆಗೂ ಮೆತ್ತಿತ್ತು. ಕೈಗವಸಿಲ್ಲ, ಕನ್ನಡಕವಿಲ್ಲ. ಬಚ್ಚಲಿನ ಆವಿ ಪಕ್ಕದ ಕೋಣೆಗೂ ಬರುತ್ತಿತ್ತು. ಅಲ್ಲಿ ನನ್ನ ತಂಗಿ ಕೂತಿದ್ದಳು.

ಆಗ ಯಾರಿಗೂ ಏನೂ ಆಗಲಿಲ್ಲ. ಕೆಲಸ ಮುಗಿಸಿ ಅವರು ಹೊರಟೂ ಹೋದರು. ಸಂಜೆ ತಂಗಿ ಬಾಯೆಲ್ಲ ಕಬ್ಬಿಣದ ರುಚಿ ಅಂದಳು. ಆಮೇಲೆ ಚಳಿ ಶುರುವಾಯಿತು. ಕಂಬಳಿಯ ಮೇಲೆ ಕಂಬಳಿ ಹೊದ್ದರೂ ಹಲ್ಲು ಕಟಕಟ ಅನ್ನುತ್ತಿತ್ತು. ಜ್ವರ, ಮೈಕೈ ನೋವು, ಒಣ ಕೆಮ್ಮು. ರಾತ್ರಿ ಹೊತ್ತಿಗೆ ನನಗೂ ಅದೇ. ಫ್ಲೂ ಇರಬಹುದು ಅಂತ ಯಾರಿಗಾದರೂ ಅನಿಸುವ ಲಕ್ಷಣಗಳೇ. ಆದರೆ ಉಸಿರು ಎಳೆದುಕೊಂಡಾಗ ಎದೆ ಬಿಗಿಯುತ್ತಿತ್ತು, ಮಾತು ಪೂರ್ತಿ ಮಾಡಲು ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ತಂಗಿ ಕಲ್ಲಿನ ವಿಷಯ ಎತ್ತಿದ ಮೇಲೆ ಡಾಕ್ಟರು ಕೂಡಲೇ ರಕ್ತಪರೀಕ್ಷೆ, ಇಸಿಜಿ ಮಾಡಿಸಿ ನಮ್ಮಿಬ್ಬರನ್ನೂ ನಿಗಾದಲ್ಲಿ ಇಟ್ಟರು. ಹುಡುಗನಿಗೆ ಫೋನ್ ಮಾಡಿದರೆ ಅವನು ಮನೆಯಲ್ಲಿ ಒಬ್ಬನೇ ಏದುಸಿರು ಬಿಡುತ್ತಾ ಮಲಗಿದ್ದ. ನಮ್ಮೆಲ್ಲರಿಗಿಂತ ಜಾಸ್ತಿ ಕಷ್ಟಪಟ್ಟವನು ಅವನೇ. ಅವನಿಗೆ ಆಕ್ಸಿಜನ್ ಕೊಡಬೇಕಾಯಿತು. ಮೂವರೂ ಉಳಿದುಕೊಂಡೆವು. ಕೆಲಸ ವಹಿಸಿಕೊಂಡವರು ಮಾತ್ರ "ಅಲರ್ಜಿ ಇರಬೇಕು, ನಾವು ಯಾವಾಗಲೂ ಹೀಗೇ ಮಾಡೋದು" ಅಂದರು. ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ. ಮುಂದಿನ ಮನೆಯಲ್ಲೂ ಇನ್ನೊಬ್ಬ ಹುಡುಗನ ಕೈಗೆ ಅದೇ ಬ್ರಶ್ ಕೊಡುತ್ತಾರೆ ಅಂತಲೇ ಅದರ ಅರ್ಥ, ಅಲ್ವಾ?

ಈ ವಿಷದ ಹೆಸರು ಪಾಲಿಟಾಕ್ಸಿನ್. ಹವಾಯಿಯ ಪಾಲಿಥೋವಾದಿಂದ ಇದನ್ನು ಬೇರ್ಪಡಿಸಿದ ವಿಷಯ 1971ರಲ್ಲಿ ಪ್ರಕಟವಾಯಿತು. ನಮ್ಮ ಜೀವಕೋಶಗಳಲ್ಲಿ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳಗೆ ತರುವ ಪಂಪ್ ಇರುತ್ತದಲ್ಲ, ಈ ವಿಷ ಅದಕ್ಕೆ ಅಂಟಿಕೊಂಡು ಪಂಪನ್ನೇ ತೆರೆದ ತೂತು ಮಾಡಿಬಿಡುತ್ತದೆ. ಸ್ನಾಯು, ಹೃದಯ, ಶ್ವಾಸಕೋಶ ಎಲ್ಲಕ್ಕೂ ಪೆಟ್ಟು. ಇದಕ್ಕೆ ಪ್ರತಿವಿಷ ಇಲ್ಲ. ಉಸಿರಾಟಕ್ಕೆ, ಹೃದಯಕ್ಕೆ ಆಸರೆ ಕೊಟ್ಟು ಕಾಯುವುದೇ ಚಿಕಿತ್ಸೆ. ಕಣ್ಣಿಗೆ ಸಿಡಿದರೆ ಕಾರ್ನಿಯಾ ಹಾಳಾಗಬಹುದು, ಕೈಮೇಲಿನ ಗಾಯದ ಮೂಲಕವೂ ಒಳಗೆ ಹೋಗಬಹುದು.

ಎಲ್ಲಕ್ಕಿಂತ ಮುಖ್ಯ ವಿಷಯ, ಕುದಿಸಿದರೆ ಇದು ನಾಶವಾಗುವುದಿಲ್ಲ. ಪಾಲಿಪ್ ಸಾಯುತ್ತದೆ, ವಿಷ ಉಳಿಯುತ್ತದೆ, ಆವಿ ಮತ್ತು ತುಂತುರಿನ ಜೊತೆ ಗಾಳಿಗೆ ಸೇರುತ್ತದೆ. ಬಿಸಿನೀರು ಸುರಕ್ಷಿತ ಅಂತ ನಂಬಿ ಮಾಡುವ ಕೆಲಸವೇ ವಿಷವನ್ನು ಮನೆಯ ತುಂಬ ಹರಡುತ್ತದೆ.

ನಮ್ಮೊಬ್ಬರಿಗೆ ಆದದ್ದೇನಲ್ಲ ಇದು. ಅಲಾಸ್ಕಾದಲ್ಲಿ 2012ರಿಂದ 2014ರ ನಡುವೆ ಅಕ್ವೇರಿಯಂ ಅಂಗಡಿಯವರಿಗೂ ಮನೆಯವರಿಗೂ ಹೀಗೇ ಆಗಿದ್ದನ್ನು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2015ರಲ್ಲಿ ವರದಿ ಮಾಡಿದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಟ್ಯಾಂಕಿನ ಹವಳ ಶುಚಿ ಮಾಡಲು ಹೋಗಿ ಒಂದಿಡೀ ಕುಟುಂಬ ಆಸ್ಪತ್ರೆ ಸೇರಿತು. ನೆರವಿಗೆ ಬಂದ ಅಗ್ನಿಶಾಮಕ ಸಿಬ್ಬಂದಿಯನ್ನೂ ಕರೆದೊಯ್ಯಬೇಕಾಯಿತು.

ಎಲ್ಲ ಬಟನ್ ಪಾಲಿಪ್‌ಗಳಲ್ಲೂ ವಿಷ ಇರುವುದಿಲ್ಲ, ಪಾಲಿಥೋವಾದ ಹತ್ತಿರದ ಬಂಧುಗಳಾದ ಬಣ್ಣಬಣ್ಣದ ಎಷ್ಟೋ ಜೋವಾಂಥಸ್‌ಗಳಲ್ಲಿ ಅದು ಪತ್ತೆಯೇ ಆಗಿಲ್ಲ. ಆದರೆ ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಅಂತ ಕಣ್ಣಲ್ಲಿ ನೋಡಿ ಹೇಳಲು ಬರುವುದಿಲ್ಲ. ಮಾರುವವರು ಎಷ್ಟೇ ಧೈರ್ಯ ಹೇಳಿದರೂ ನಂಬಬೇಡಿ, ಎಲ್ಲವೂ ವಿಷ ಅಂದುಕೊಂಡೇ ನಡೆಯಿರಿ.

ನನ್ನ ಸಲಹೆ ಕೇಳಿದರೆ, ದೊಡ್ಡ ಟ್ಯಾಂಕಿಗೆ ಡ್ರೈ ರಾಕ್, ಅಂದರೆ ಜೀವಿಗಳಿಲ್ಲದ ಒಣ ಕಲ್ಲು, ಹಾಕಿ. ಸೈಕಲ್ ಆಗಲು, ಅಂದರೆ ನೀರಿನ ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಬೆಳೆಯಲು, ವಾರಗಟ್ಟಲೆ ಹಿಡಿಯುತ್ತದೆ ನಿಜ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಖಾಲಿ ಕಲ್ಲು ನೋಡುತ್ತಾ ಕೂರಬೇಕು. ಕೂತುಕೊಳ್ಳಿ, ಅದರಿಂದ ಏನೂ ನಷ್ಟವಿಲ್ಲ. ಹಳೇ ಕಲ್ಲೇ ಬೇಕು ಅಂದರೆ ಅದು ಇನ್ನೂ ಅವರ ಟ್ಯಾಂಕಿನಲ್ಲಿ, ಲೈಟ್ ಹಾಕಿರುವಾಗಲೇ ಹೋಗಿ ನೋಡಿ. ಪಾಲಿಪ್‌ಗಳು ಅರಳಿದ್ದರೆ ಗುರುತು ಹಿಡಿಯುವುದು ಸುಲಭ. ನೀರಿನಿಂದ ತೆಗೆದ ಮೇಲೆ ಮುದುಡಿಕೊಂಡು ಕಲ್ಲಿನ ಗಂಟಿನಂತೆಯೇ ಕಾಣುತ್ತವೆ.

ಮನೆಗೆ ಬಂದೇಬಿಟ್ಟಿದ್ದರೆ ಉಜ್ಜಬೇಡಿ, ಕೆರೆಯಬೇಡಿ, ಪ್ರೆಶರ್ ನೀರು ಹೊಡೆಯಬೇಡಿ, ಮೈಕ್ರೊವೇವ್‌ನಲ್ಲಿ ಇಡಬೇಡಿ. ಕೈಗವಸು, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ ಹಾಕಿಕೊಂಡು, ಮನೆಯ ಹೊರಗೆ, ಬ್ಲೀಚ್ ಬೆರೆಸಿದ ನೀರಿನ ಬಕೆಟ್‌ನಲ್ಲಿ ಇಡೀ ಕಲ್ಲನ್ನು ನಿಧಾನಕ್ಕೆ ಮುಳುಗಿಸಿ ಮುಚ್ಚಿಡಿ. ಈ ವಿಷವನ್ನು ಕೆಡಿಸುವುದು ಬ್ಲೀಚ್, ಶಾಖ ಅಲ್ಲ. ಮಾಸ್ಕ್ ಇದೆ ಅಂತ ಮನೆಯೊಳಗೆ ಮಾಡಲು ಹೋಗಬೇಡಿ. ಕಲ್ಲು ತೊಳೆಯಲು ಕೆಲವರು ವಿನೆಗರ್, ಆಸಿಡ್ ಬಳಸುತ್ತಾರೆ. ಅದನ್ನು ಬ್ಲೀಚ್ ಜೊತೆ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ನಾಯಿ, ಬೆಕ್ಕು, ಮಕ್ಕಳನ್ನು ದೂರ ಇಡಿ.

ಯಾರಿಗಾದರೂ ಬಾಯಿ ಲೋಹದ ರುಚಿ ಅನಿಸಿದರೆ, ಚಳಿಜ್ವರ ಬಂದರೆ, ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಎಲ್ಲರೂ ಮನೆಯಿಂದ ಹೊರಗೆ ಬಂದು ಆಸ್ಪತ್ರೆಗೆ ಹೊರಡಿ. ಅಲ್ಲಿ "ಅಕ್ವೇರಿಯಂ ಹವಳ, ಪಾಲಿಟಾಕ್ಸಿನ್" ಅಂತ ಬಾಯಿಬಿಟ್ಟು ಹೇಳಿ. ಲಕ್ಷಣಗಳು ಕೆಲವೊಮ್ಮೆ ಗಂಟೆಗಟ್ಟಲೆ ತಡವಾಗಿ ಬರುತ್ತವೆ. ಹಾಗಾಗಿ ಆ ದಿನ ಮನೆಗೆ ಬಂದುಹೋದ ಪ್ರತಿಯೊಬ್ಬರಿಗೂ, ಮುಖ್ಯವಾಗಿ ಕಲ್ಲು ಮುಟ್ಟಿದವರಿಗೆ, ಅವತ್ತೇ ರಾತ್ರಿ ಫೋನ್ ಮಾಡಿ ಹೇಗಿದ್ದಾರೆ ಅಂತ ಕೇಳಿ.