ಚಿನ್ನದ ಪದರ: ಒಣಗಿಸಿದ್ದು, ಅಂಟಿಸಿದ್ದು, ತೇಲಿಸಿದ್ದು

ಬೀಜೋಪಚಾರಕ್ಕೆ ಬಳಸುವ ಶಿಲೀಂಧ್ರನಾಶಕ ಥೈರಾಮ್ ನೀರಲ್ಲಿ ಚೂರೇ ಚೂರು ಇದ್ದರೂ ರಾಮನ್ ಯಂತ್ರದಲ್ಲಿ (ಲೇಸರ್ ಬಿಟ್ಟು, ಚದುರಿ ಬಂದ ಬೆಳಕಿನ ಗೆರೆಗಳಿಂದ ಅಣುವನ್ನು ಗುರುತಿಸುವ ಯಂತ್ರ) ಕಾಣಬೇಕು, ಇದು ನನ್ನ ಕೆಲಸ. ಬರೀ ರಾಮನ್ ಸಿಗ್ನಲ್ ತೀರಾ ಸಣ್ಣದು. ಚಿನ್ನದ ನ್ಯಾನೊ ಕಣಗಳ ನಡುವಿನ ಸಂದಿಯಲ್ಲಿ ಅಣು ಸಿಕ್ಕಿಕೊಂಡರೆ ಮಾತ್ರ ಅದು ಲಕ್ಷಪಟ್ಟು ಏರುತ್ತದೆ. ಆ ಸಂದಿ ಮಾಡೋಕೆ ಮೂರು ದಾರಿ ಹಿಡಿದೆ. ಮೂರಕ್ಕೂ ಸಿಟ್ರೇಟ್ ಹಾಕಿ ಕುದಿಸಿದ ಒಂದೇ ದ್ರಾವಣ (ಚಿನ್ನ ಅಂತ ಹೆಸರು, ನೋಡೋಕೆ ದಾಳಿಂಬೆ ರಸ), ಒಂದೇ 785 ನ್ಯಾನೊಮೀಟರ್ ಲೇಸರ್.

ಮೊದಲನೆಯದು ಸೋಮಾರಿ ದಾರಿ. ಸಿಲಿಕಾನ್ ಚೂರಿನ ಮೇಲೆ ಒಂದು ಹನಿ, ಒಣಗಿದರೆ ಮುಗೀತು. ಕಾಫಿ ಲೋಟ ಇಟ್ಟ ಜಾಗದಲ್ಲಿ ಬಳೆ ಥರ ಕಲೆ ಉಳಿಯುತ್ತೆ ಅಲ್ವಾ, ಕಣಗಳೆಲ್ಲ ಹಾಗೇ ಅಂಚಿಗೆ ಹೋಗಿ ಕೂರುತ್ತವೆ. ಅಂಚಿನಲ್ಲಿ ಥೈರಾಮಿನ ಗುರುತಾದ 1380 cm⁻¹ ಗೆರೆ ಗೋಪುರದಂತೆ ಎದ್ದಿತ್ತು, ನಡುವೆ ಏನೂ ಇಲ್ಲ. ಇದನ್ನು ನಂಬಿ ಪ್ರಮಾಣ ಅಳೆಯೋದು ಸುಮ್ನೆ.

ಎರಡನೆಯದು ಅಂಟಿಸೋದು. ಸಿಲೇನ್ (ಸಿಲಿಕಾನಿಗೆ ಚಿನ್ನ ಅಂಟುವಂತೆ ಮಾಡುವ ರಾಸಾಯನಿಕ) ಹಚ್ಚಿದ ಚೂರನ್ನು ಚಿನ್ನದಲ್ಲಿ ನೆನೆಸಿ, ತೊಳೆದು, ಪದರಗಳನ್ನು ಬೆಸೆಯುವ ಡೈಥಯಾಲಿನಲ್ಲಿ ಅದ್ದಿ, ಮತ್ತೆ ಚಿನ್ನಕ್ಕೆ. ಒಂದೊಂದು ಪದರಕ್ಕೂ ಗಂಟೆಗಟ್ಟಲೆ. ಸಿಲೇನ್ ಬಾಟಲಿಗೆ ತೇವ ಹೊಕ್ಕಿದ್ದು ಗೊತ್ತಾಗದೆ ಒಂದು ವಾರ ಬರೀ ತೇಪೆ ತೇಪೆ ಫಿಲ್ಮ್ ಬಂತು, ನನ್ನದೇ ತಪ್ಪು. ಹೊಸ ಬಾಟಲಿ ತೆಗೆದ ಮೇಲೆ ಎಲ್ಲಿ ಅಳೆದರೂ ಹೆಚ್ಚು ಕಡಿಮೆ ಒಂದೇ ಎತ್ತರ. ಆದರೆ ಥೈರಾಮ್ ಚಿನ್ನವನ್ನು ಹಿಡಿಯೋದು ಗಂಧಕದಿಂದ, ಡೈಥಯಾಲ್ ಹಿಡಿಯೋದೂ ಅದರಿಂದಲೇ. ಡೈಥಯಾಲ್ ಮೊದಲೇ ಸೀಟು ಹಿಡಿದು ಕೂತಿರುತ್ತೆ, ಮೇಲಿಂದ ತನ್ನ ಗೆರೆಗಳನ್ನೂ ತರುತ್ತೆ.

ಮೂರನೆಯದೇ ನನಗೆ ಇಷ್ಟ. ದ್ರಾವಣದ ಮೇಲೆ ನೀರಲ್ಲಿ ಬೆರೆಯದ ಹೆಕ್ಸೇನ್ ಸುರಿದು ಎಥನಾಲನ್ನು ಹನಿ ಹನಿಯಾಗಿ ಬಿಟ್ಟರೆ ಕಣಗಳು ಎರಡರ ಗಡಿಗೆ ಬಂದು ಹರಡಿಕೊಳ್ಳುತ್ತವೆ. ಕೆಳಗಿನ ಕೆಂಪು ತಿಳಿಯಾಗುತ್ತಾ ಹೋಗುತ್ತೆ, ಮೇಲೆ ನಿಜವಾದ ಬಂಗಾರದ ಹೊಳಪು! ಅವಸರಪಟ್ಟು ಎಥನಾಲ್ ಸುರಿದರೆ ಕಪ್ಪು ಚೂರು ಅಷ್ಟೆ. ಹೆಕ್ಸೇನ್ ಆರಿದ ಮೇಲೆ ಸಿಲಿಕಾನನ್ನು ಓರೆಯಾಗಿ ಇಳಿಸಿ ಹಾಲಿನ ಕೆನೆ ತೆಗೆದಂತೆ ಎತ್ತಬೇಕು, ಒಣಗಿಸಿ ಮತ್ತೊಮ್ಮೆ ಎತ್ತಬೇಕು. ಒಂದು ಪದರಕ್ಕಿಂತ ಎರಡು, ಎರಡಕ್ಕಿಂತ ಮೂರು ಜಾಸ್ತಿ ಕೊಟ್ಟವು. ಐದಕ್ಕೆ ಹೋದರೆ ಲಾಭವಿಲ್ಲ, ಬೆಳಕು ತಳಕ್ಕೆ ಇಳಿಯೋದಿಲ್ಲ, ಫಿಲ್ಮ್ ಒಣಗುವಾಗ ಬಿರುಕು ಬೇರೆ.

ಈಗ ಥೈರಾಮಿಗೆ ಮೂರು ಪದರದ ತೇಲಿಸಿದ ಫಿಲ್ಮನ್ನೇ ಬಳಸುತ್ತೇನೆ. ಜೋರಾಗಿ ತೊಳೆದರೆ ಮಾತ್ರ ಎದ್ದು ಬರುತ್ತೆ, ಹಾಗಾಗಿ ಹರಿಯುವ ನೀರಲ್ಲಿ ಇಡಬೇಕು ಅಂದಾಗ ಅಂಟಿಸಿದ್ದೇ ಗತಿ.